ಕಡುಗನ್ನಾವ ಘಟ್ಟದಲ್ಲಿ ಇಳಿದುಹೋದ ಚಿಕ್ಕಪ್ಪ

ಈ ಪ್ರವಾಸದ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಶ್ರೀಲಂಕಾದಲ್ಲಿ ಯುದ್ಧ ನಿಂತು ಮಾತುಕತೆ ನಡೆಯುತ್ತಿದ್ದ ವರ್ಷಗಳಲ್ಲಿ ಹೋಗಿದ್ದೆವು ಎಂಬುದು ಖಂಡಿತ. ಯಾವ ವರ್ಷ ಎಂದು ಹಳೆಯ ಪಾಸ್‌ಪೋರ್ಟ್ ನೋಡಿ ಹೇಳಬಹುದಿತ್ತು, ಅದು ಮನೆ ಬದಲಾಯಿಸುವಾಗ ಎಲ್ಲೋ ಸೇರಿಹೋಯಿತು. ಡೈರಿಯೇನೋ ಇದೆ. ಆದರೆ ಘಟ್ಟ ಹತ್ತಿದ ದಿನದ ಪುಟದಲ್ಲಿ ಇರುವುದು ಮೂರೇ ಸಾಲು: ‘ಬೆಳಿಗ್ಗೆ ರೈಲು. ಚಿಕ್ಕಪ್ಪ ಇಳಿದುಹೋದರು. ಮಧ್ಯಾಹ್ನ ಸಿಕ್ಕಿದರು.’

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬರ ಸಾಕ್ಷಿಯನ್ನೇ ನೆಚ್ಚಿಕೊಳ್ಳಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವಳು. ಕೆಳಗಿನದರಲ್ಲಿ ಮುಖ್ಯವಾದ ಒಂದು ಗಳಿಗೆಗೆ ನಾನೊಬ್ಬಳೇ ಸಾಕ್ಷಿ.

ಹೊರಡುವ ಮೊದಲು

ನಮ್ಮೂರು ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ರೈಲ್ವೆಯ ಹಳಿ ರಿಪೇರಿ ತಂಡದಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಕೀಮನ್ ಆದವರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದ ಮೀಟರ್‌ಗೇಜ್ ಹಳಿಯ ಮೇಲೆ ಅವರು ಹದಿನಾಲ್ಕು ವರ್ಷ ನಡೆದರು. ಕೀಮನ್ನನ ಕೆಲಸವೆಂದರೆ ನಡಿಗೆಯೇ. ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗೇರಿಸಿ ತನ್ನ ಪಾಲಿನ ಹಳಿಯುದ್ದಕ್ಕೂ ಹೋಗಬೇಕು, ಹಳಿಯನ್ನು ಬಿಗಿಹಿಡಿದಿರುವ ಕಬ್ಬಿಣದ ಕೀಲಿಗಳಲ್ಲಿ ಸಡಿಲವಾದದ್ದನ್ನು ಹೊಡೆದು ಕೂರಿಸಬೇಕು, ಹಾಗೆಯೇ ವಾಪಸ್ ಬರಬೇಕು.

ತೊಂಬತ್ತರ ದಶಕದ ಮೊದಲಲ್ಲಿ, ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಚಿಕ್ಕವ್ವ ಕೊಟ್ಟ ಬುತ್ತಿ ಹಿಡಿದು ಹಳಿಯ ಪಕ್ಕ ನಡೆದು ಹೋದಾಗ ಗೂಡ್ಸ್ ಗಾಡಿಯೊಂದು ಇಳಿದು ಬರುತ್ತಿತ್ತು. ಚಿಕ್ಕಪ್ಪ ಹಳಿಯಿಂದ ಸರಿದು ಅಂಚಿನಲ್ಲಿ ನಿಂತಿದ್ದರು. ಎಷ್ಟು ಕೂಗಿದರೂ ತಿರುಗಲಿಲ್ಲ. ಕೊನೆಯ ಡಬ್ಬಿ ದಾಟಿ, ಗಾರ್ಡಿಗೆ ಕೈಯೆತ್ತಿ ತೋರಿಸಿದ ಮೇಲೆಯೇ ನನ್ನನ್ನು ನೋಡಿದ್ದು.

“ಕಿವಿ ಕೇಳ್ನಿಲ್ವಾ ಚಿಕ್ಕಪ್ಪ?” ಎಂದೆ.

“ಗಾಡಿ ಓಗೋವಾಗ ಎತ್ತ ತಾಯಿ ಕರುದ್ರೂವೆ ತಿರುಗ್ಬಾರ್ದು ಕಣವ್ವ. ಯಾವ ಗಾಲೀಲಿ ಒಗೆ ಬತ್ತದೆ, ಏನ್ ಜೋತಾಡ್ತದೆ ಅಂತ ನಾವೇ ನೋಡ್ಬೇಕು. ಒಳಗೆ ಕುಂತೋರ್ಗೆ ಏನ್ ಗೊತ್ತಾದದು?”

ಬ್ರಾಡ್‌ಗೇಜ್ ಹಾಕಲೆಂದು ಆ ಮಾರ್ಗವನ್ನು ಮುಚ್ಚಿದಾಗ ಅವರಿಗೆ ನಂಜನಗೂಡಿನ ಕಡೆ ವರ್ಗವಾಯಿತು. ಗದ್ದೆ, ಕಬ್ಬು, ಚಪ್ಪಟೆ ನೆಲ. ಎಲ್ಲರೂ ಸುಖವಾಯಿತು ಎಂದುಕೊಂಡೆವು. “ಅಲ್ಲಿ ಹಳಿ ನಿಂತಿತ್ತು, ಇಲ್ಲಿ ಮಲ್ಗದೆ” ಎನ್ನುತ್ತಿದ್ದರು ಚಿಕ್ಕಪ್ಪ. ಮಲಗಿದ ಹಳಿಯ ಮೇಲೆಯೇ ನಿವೃತ್ತಿಯಾದರು.

ನಮ್ಮ ಮನೆಗಳು ಬುದ್ಧನ ದಾರಿಗೆ ಬಂದದ್ದು ಅಪ್ಪನ ಕಾಲದಲ್ಲಿ. ಬಿಳಿಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಎರಡು ತಾಲ್ಲೂಕುಗಳಿಂದ ಮೂವತ್ತು ಮಂದಿಯನ್ನು ಸೇರಿಸಿ ಶ್ರೀಲಂಕಾಕ್ಕೆ ಹೊರಡಿಸಿದಾಗ ಮೊದಲು ಹೆಸರು ಬರೆಸಿದ್ದು ಚಿಕ್ಕವ್ವ. ಬುದ್ಧನ ಹಲ್ಲನ್ನಿಟ್ಟಿರುವ ಕ್ಯಾಂಡಿಯ ದಂತ ಮಂದಿರದಲ್ಲಿ ಸಂಜೆಯ ಪೂಜೆಯ ಹೊತ್ತಿಗೆ ಹೂವಿಡಬೇಕು ಎಂಬುದು ಅವರ ಆಸೆ. ಚಿಕ್ಕಪ್ಪ ಬರುವುದಿಲ್ಲ ಎಂದಿದ್ದರು. ಕ್ಯಾಂಡಿಗೆ ಘಟ್ಟದ ರೈಲಿನಲ್ಲಿ ಹೋಗುತ್ತೇವೆ ಎಂದು ಮೇಷ್ಟ್ರು ಹೇಳಿದ ಮಾರನೆಯ ದಿನ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದರು.

ಕೊಲಂಬೊ

ಹೋಗುವಾಗಿನ ವಿಮಾನದ ಬಗ್ಗೆ ನನಗೆ ನೆನಪಿರುವುದು ಚಿಕ್ಕವ್ವ ಸೀಟ್‌ಬೆಲ್ಟನ್ನು ಇಳಿಯುವ ತನಕ ಬಿಚ್ಚಲಿಲ್ಲ ಎಂಬುದಷ್ಟೆ. ಕೊಲಂಬೊದಲ್ಲಿ ಮೇಷ್ಟ್ರು ಎಲ್ಲರ ಪಾಸ್‌ಪೋರ್ಟ್‌ಗಳನ್ನೂ ಒಂದು ಚೀಲಕ್ಕೆ ಹಾಕಿ ಕೊರಳಿಗೆ ನೇತುಹಾಕಿಕೊಂಡರು. “ಕಳ್ದ್ರೆ ನಾನೇ ಕಳೀಬೇಕು, ನೀವು ಕಳೀಬ್ಯಾಡಿ” ಎಂದರು. ರಸ್ತೆಯಲ್ಲಿ ಅಲ್ಲಲ್ಲಿ ಬಂದೂಕು ಹಿಡಿದ ಸೈನಿಕರಿದ್ದರು. ಅವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳ ವಯಸ್ಸಿನವರು.

ಮರುದಿನ ಬೆಳಿಗ್ಗೆ ಎಲ್ಲರೂ ಮಂದಿರಕ್ಕೆಂದು ಬಿಳಿ ಬಟ್ಟೆ ಉಟ್ಟು ರೈಲು ಹತ್ತಿದೆವು. ಚಿಕ್ಕಪ್ಪ ಮಾತ್ರ ಹತ್ತದೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಗ್ಗಿ ಗಾಲಿಗಳನ್ನು ನೋಡಿಕೊಂಡು ಬಂದರು. ಅಲ್ಲಿಯ ಗಂಡಸರು ಸೀಟಿದ್ದರೂ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಹಳಿಯ ಮೇಲೆಯೇ ಕೊಡೆ ಹಿಡಿದು ಶಾಲೆಗೆ, ಸಂತೆಗೆ ನಡೆಯುತ್ತಾರೆ. ರೈಲು ಕೂಗಿದಾಗ ಎರಡು ಹೆಜ್ಜೆ ಸರಿದು ಮತ್ತೆ ಹಳಿಗೆ ಬರುತ್ತಾರೆ. ನಂಜನಗೂಡಿನಲ್ಲಿ ಚಿಕ್ಕಪ್ಪನ ಮನೆಗೆ ಹೋದಾಗ ನಾವೂ ಹಾಗೆಯೇ ನಡೆಯುತ್ತಿದ್ದೆವಲ್ಲ ಎನ್ನಿಸಿತು. ಬೇರೆ ಊರಿನಲ್ಲಿ ನೋಡಿದರೆ ಮಾತ್ರ ಅದು ವಿಚಿತ್ರವಾಗಿ ಕಾಣುತ್ತದೆ.

ಚಿಕ್ಕವ್ವ ರೈಲಿನಲ್ಲಿ ಮಾರುತ್ತ ಬಂದ ಬುಟ್ಟಿಯವನಿಂದ ಬಿಸಿ ವಡೆ ಕೊಂಡು ಎಲ್ಲರಿಗೂ ಹಂಚಿದರು. ಮೇಷ್ಟ್ರು ಹುಟ್ಟು ಮಾಂಸಾಹಾರಿಗಳಾದರೂ ಧಮ್ಮಕ್ಕೆ ಬಂದ ಮೇಲೆ ಮೊಟ್ಟೆಯನ್ನೂ ಬಿಟ್ಟವರು. ಅವರು ಅರ್ಧ ತಿಂದಾಗ ಚಿಕ್ಕವ್ವ ತಮ್ಮ ವಡೆಯನ್ನು ತಿರುಗಿಸಿ ನೋಡಿ, “ಅಯ್ಯೋ ಮೇಷ್ಟ್ರೆ, ವಡೆ ಮ್ಯಾಲೆ ಸಿಗಡಿ ಕುಂತದೆ!” ಎಂದರು.

ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದರು. “ಕಡ್ಲೆಬೇಳೆ ಅನ್ಕಂಡೆ ಕಣಮ್ಮ.”

“ಕಾಲಿರೋ ಕಡ್ಲೆಬೇಳೆ” ಎಂದರು ಚಿಕ್ಕಪ್ಪ, ಕಿಟಕಿಯಾಚೆ ನೋಡುತ್ತ.

ರಂಬುಕ್ಕನ

ಘಟ್ಟ ಶುರುವಾಗುವುದು ರಂಬುಕ್ಕನದಿಂದ. ಅಲ್ಲಿ ಗಾಡಿ ಬಹಳ ಹೊತ್ತು ನಿಂತು, ಹಿಂಬದಿಯಿಂದ ಒಂದು ಧಡಕ್ ಬಂತು. ಚಿಕ್ಕವ್ವನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

“ಇಂದ್ಕೆ ಇನ್ನೊಂದು ಇಂಜಿನ್ನು ಕಟ್ಟುದ್ರು” ಎಂದರು ಚಿಕ್ಕಪ್ಪ. ಬೆಳಗಿನಿಂದ ಅವರು ಇಷ್ಟು ಖುಷಿಯಾಗಿ ಮಾತಾಡಿದ್ದು ಅದೇ ಮೊದಲು. “ಮುಂದಿನೋನು ಎಳಿತಾನೆ, ಇಂದಿನೋನು ತಳ್ತಾನೆ. ಇಬ್ರ ಮನ್ಸೂ ಒಂದಾಗ್ಬೇಕು. ನಮ್ಮ ಘಟ್ಟದಲ್ಲೂ ಹಿಂಗೇಯ.”

“ಮಧ್ಯ ನಿಂತೋದ್ರೆ?” ಎಂದು ಕೇಳಿದೆ.

“ಏರಲ್ಲಿ ನಿಂತ ಗಾಡಿನ ಒಂದ್ಸಲ ಎಬ್ಬುಸ್ಬೋದು. ಎಲ್ಡನೇ ಸಲ ನಿಲ್ಸುದ್ರೆ ಕಷ್ಟ ಕಣವ್ವ. ಇಂದ್ಕೆ ಉಳ್ಳೋಕೆ ಸುರು ಮಾಡ್ತು ಅಂದ್ರೆ ಯಾರಪ್ಪನ ಮಾತೂ ಕೇಳಾಕಿಲ್ಲ.”

ಈ ಮಾತನ್ನು ಅವರು ರಂಬುಕ್ಕನದಲ್ಲಿಯೇ ಆಡಿದರು ಎಂದು ನನ್ನ ನೆನಪು. ಬಹಳ ಹಿಂದೆ ನಮ್ಮ ಘಟ್ಟದಲ್ಲಿ ಹೇಳಿದ್ದನ್ನು ನಾನು ಇಲ್ಲಿಗೆ ತಂದಿಟ್ಟುಕೊಂಡಿರಲೂಬಹುದು. ಎಲ್ಲಿ ಹೇಳಿದ್ದರೂ, ಅರ್ಧ ಗಂಟೆಯ ನಂತರ ನಾನು ಮಾಡಿದ ಕೆಲಸಕ್ಕೆ ಆ ಮಾತೇ ಕಾರಣ.

ಹೆಸರು ಗೊತ್ತಿಲ್ಲದ ತಿರುವು

ಒಂದು ಕಡೆ ಕಪ್ಪು ಬಂಡೆ, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಇಳಿದುಹೋದ ಕಣಿವೆ. ಅದರ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಎರಡೋ ಮೂರೋ ಸುರಂಗ ದಾಟಿದ ಮೇಲೆ, ಒದ್ದೆ ಎಲೆ ಬಿದ್ದಿದ್ದ ಒಂದು ತಿರುವಿನಲ್ಲಿ ಇಂಜಿನ್ನಿನ ಗಾಲಿಗಳು ಕಿರುಚಿಕೊಂಡು ಸುತ್ತಿದಲ್ಲೇ ಸುತ್ತಿದವು. ಗಾಡಿ ನಿಂತಿತು. ಆಮೇಲೆ ಒಂದು ಗೇಣು ಹಿಂದಕ್ಕೆ ಸರಿಯಿತು. ನಿಜವಾಗಿ ಸರಿಯಿತೋ, ನನಗೆ ಹಾಗನ್ನಿಸಿತೋ, ಹೇಳಲಾರೆ.

ಚಿಕ್ಕಪ್ಪ ಎದ್ದು ನಿಂತಿದ್ದರು. “ಕಲ್ಲು ಮಡಗ್ಬೇಕು” ಎಂದರು.

“ಏ, ಕುಂತ್ಕಳಯ್ಯ. ಇದು ನಿನ್ ಗ್ಯಾಂಗಲ್ಲ, ಪರದೇಶ!” ಎಂದರು ಮೇಷ್ಟ್ರು.

ಅಷ್ಟರಲ್ಲಿ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಬಾಗಿಲಿಂದ ಇಳಿದಾಗಿತ್ತು. ಬಾಗಿಲಿಗೆ ಓಡಿ ನೋಡಿದರೆ, ಬಿಳಿ ಬಟ್ಟೆಯ ಅರವತ್ತೆರಡು ವರ್ಷದ ಯಾತ್ರಿಕರು ಹಳಿಯ ಪಕ್ಕದ ಜಲ್ಲಿಯಿಂದ ಕಲ್ಲು ಆರಿಸಿ ಗಾಲಿಗಳ ಹಿಂದೆ ಇಡುತ್ತಿದ್ದಾರೆ. ಮೊದಲು ಚೂಪಾದ ಚಿಕ್ಕದು, ಅದರ ಹಿಂದೆ ದೊಡ್ಡದು. ನಮ್ಮ ಘಟ್ಟದಲ್ಲಿ ಏರಿನಲ್ಲಿ ಗಾಡಿ ನಿಂತರೆ ಹತ್ತಿರವಿದ್ದ ಗ್ಯಾಂಗಿನವರು ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿದ್ದ ಮೊದಲ ಕೆಲಸ ಅದು. ಆ ಗಾಡಿಗೆ ಬ್ರೇಕು ಚೆನ್ನಾಗಿಯೇ ಇದ್ದಿರಬೇಕು. ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಗಾರ್ಡು ಹಿಂದಿನಿಂದ ಕೂಗುತ್ತ ಓಡಿಬಂದ. ಸಿಂಹಳದ ಬೈಗುಳವೂ ಬೈಗುಳವೆಂದು ತಿಳಿಯುತ್ತದೆ. ಚಿಕ್ಕಪ್ಪ ತಲೆಯೆತ್ತಲಿಲ್ಲ. ಗಾರ್ಡು ಬಗ್ಗಿ ಕಲ್ಲು ಕೂರಿಸಿದ ಬಗೆಯನ್ನು ನೋಡಿದ, ಬೈಯುವುದನ್ನು ನಿಲ್ಲಿಸಿದ, ಚಿಕ್ಕಪ್ಪನ ಬೆನ್ನು ತಟ್ಟಿ ಹತ್ತಿಕೊ ಎಂದು ಸನ್ನೆ ಮಾಡಿ ತನ್ನ ಡಬ್ಬಿಗೆ ಓಡಿದ. ಎರಡೂ ಇಂಜಿನ್ನು ಒಟ್ಟಿಗೆ ಕೂಗಿದವು. ಗಾಡಿ ನಡುಗಿ, ಕಲ್ಲುಗಳನ್ನು ಬಿಟ್ಟು ಮುಂದೆ ಸರಿಯಿತು.

“ಹತ್ತು ಚಿಕ್ಕಪ್ಪ! ಬಾ!”

ಅವರು ಬಾಗಿಲಿನ ಜೊತೆಜೊತೆಗೆ ನಡೆಯುತ್ತಿದ್ದರು. ಗಾಡಿ ಮನುಷ್ಯನ ನಡಿಗೆಗಿಂತ ಜೋರಾಗಿರಲಿಲ್ಲ. ನಾನು ಕಂಬಿ ಹಿಡಿದು ಬಗ್ಗಿ ಕೈ ಚಾಚಿದೆ. ಅವರು ನನ್ನ ಕೈಯನ್ನು ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಳಿಯಂಚಿನಲ್ಲಿ ನೆಟ್ಟಗೆ ನಿಂತು, ಗಾಲಿಗಳನ್ನು ನೋಡತೊಡಗಿದರು. ತಿರುವಿನಲ್ಲಿ ಕಾಣೆಯಾಗುವ ಮುನ್ನ ಹಿಂದಿನ ಇಂಜಿನ್ನಿನವನಿಗೆ ಕೈಯೆತ್ತಿ ತೋರಿಸುತ್ತಿದ್ದರು.

ಚಿಕ್ಕವ್ವ ಕೂಗಿಕೊಂಡರು. “ಸರಪಳಿ ಎಲ್ಲದೆ? ಎಳೀರೋ ಯಾರಾರ!” ಕಿಟಕಿಯ ಮೇಲೆ ತಡಕಾಡಿದರು. ನಾನು ಅವರ ಎರಡು ಕೈಗಳನ್ನೂ ಹಿಡಿದುಕೊಂಡೆ. “ಬ್ಯಾಡ ಚಿಕ್ಕವ್ವ, ಮತ್ತೆ ನಿಲ್ಸ್‌ಬಾರ್ದು.”

“ಬುಡೇ ಕೈಯ! ನಿನ್ ಗಂಡ ಆಗಿದ್ರೆ ಹಿಂಗೇ ಬುಟ್ಟೋಯ್ತಿದ್ದಾ?”

ನಾನು ಬಿಡಲಿಲ್ಲ. ಹೀಗೆ, ಭಾಷೆ ಬಾರದ, ಜೇಬಿನಲ್ಲಿ ಒಂದು ಕಾಗದವೂ ಇಲ್ಲದ ಚಿಕ್ಕಪ್ಪನನ್ನು ಸೈನಿಕರು ಕಾವಲಿದ್ದ ಘಟ್ಟದ ನಡುವೆ ಬಿಟ್ಟು ಹೋಗುವ ತೀರ್ಮಾನ ಮಾಡಿದವಳು ನಾನು.

ಕಡುಗನ್ನಾವ

ಘಟ್ಟದ ನೆತ್ತಿಯ ಸ್ಟೇಷನ್ನು ಕಡುಗನ್ನಾವ. ಮೇಷ್ಟ್ರು ನಮ್ಮ ಮೂವರ ಪಾಸ್‌ಪೋರ್ಟ್ ಹುಡುಕಿ ಕೊಟ್ಟು ಉಳಿದವರೊಂದಿಗೆ ಮುಂದೆ ಹೋದರು. ನಾನು, ಚಿಕ್ಕವ್ವ ಇಳಿದೆವು.

ಸ್ಟೇಷನ್ ಮಾಸ್ತರರು ಬಿಳಿ ಸಮವಸ್ತ್ರದ, ತಾಳ್ಮೆಯ ಹಿರಿಯರು. ನನ್ನ ಇಂಗ್ಲಿಷನ್ನು ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಅವರು ಯಾವ ಭಾಷೆ ಮಾತಾಡುತ್ತಾರೆ?”

“ಕನ್ನಡ. ಗ್ಯಾಂಗಿನಲ್ಲಿ ಕಲಿತ ತಮಿಳು ಸ್ವಲ್ಪ ಬರುತ್ತದೆ.”

“ಸೈನಿಕರ ಮುಂದೆ ತಮಿಳಾಡದಿದ್ದರೆ ಒಳ್ಳೆಯದು” ಎಂದರು. ಆಮೇಲೆ ಫೋನೆತ್ತಿ ಕೆಳಗಿನ ಸ್ಟೇಷನ್ನಿಗೆ, ಇನ್ನೂ ಯಾವುದಕ್ಕೋ, ಒಂದಾದ ಮೇಲೊಂದು ಮಾತಾಡಿದರು. ‘ಇಂಡಿಯಾ’ ಎಂಬ ಪದ ನಾಲ್ಕು ಸಲ ಕೇಳಿಸಿತು. ಫೋನಿಟ್ಟು, “ಸುರಂಗಗಳ ಹತ್ತಿರ ಕಾವಲಿನವರಿದ್ದಾರೆ. ಒಬ್ಬ ಮುದುಕ ಬರುತ್ತಾನೆ, ಯಾತ್ರಿಕ ಎಂದು ಹೇಳಿ ಕಳಿಸಿದ್ದೇನೆ. ಹೇಳಿದ್ದು ತಲುಪಬೇಕು” ಎಂದರು. ಅವರ ಸುಳ್ಳು ಹೇಳದ ರೀತಿಗೆ ನಾನು ಇಂದಿಗೂ ಕೃತಜ್ಞಳು.

ಕಾದೆವು. ಚಿಕ್ಕವ್ವ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆಯುತ್ತ ಗಂಡನನ್ನು ಬೈಯುತ್ತಿದ್ದರು. ಒಂದು ಗಾಡಿ ಇಳಿಯಲು ಸಿದ್ಧವಾದಾಗ ಬೈಗುಳ ನಿಂತುಹೋಯಿತು.

“ಇದು ಅವ್ರಿರೋ ಸುರಂಗದೊಳೀಕೇ ಓಯ್ತದಾ?”

“ಹೂಂ.”

“ನಡ್ಯೋರು ಎಲ್ ನಿತ್ಕತಾರೆ?”

ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟು ಗೂಡುಗಳಿರುತ್ತವೆ ಎಂದು ಚಿಕ್ಕಪ್ಪನೇ ಹೇಳಿದ್ದನ್ನು ಹೇಳಿದೆ. ಇಲ್ಲಿಯ ಸುರಂಗದಲ್ಲಿ ಇವೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಚಿಕ್ಕವ್ವ ಗಾಡಿಯ ಕೊನೆಯ ಡಬ್ಬಿ ಮರೆಯಾಗುವ ತನಕ ನೋಡಿ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಮಾಸ್ತರರ ಹೆಂಡತಿ ಕ್ವಾರ್ಟರ್ಸಿನಿಂದ ಅನ್ನ, ಹಲಸಿನಕಾಯಿ ಪಲ್ಯ, ಖಾರದ ತೆಂಗಿನಕಾಯಿ ಚಟ್ನಿ ತಂದರು. ಅವರಿಗೆ ಇಂಗ್ಲಿಷ್ ಬಾರದು. ಚಿಕ್ಕವ್ವ ಉಣ್ಣಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಚೀಲದಿಂದ ರಾಗಿ ಹುರಿಹಿಟ್ಟಿನ ಪೊಟ್ಟಣ ತೆಗೆದು ಕೊಟ್ಟರು. ಆಕೆ ಮೂಸಿ ನೋಡಿ, “ಕುರಕ್ಕನ್!” ಎಂದು ಮುಖ ಅರಳಿಸಿದರು. ಅಲ್ಲಿಯೂ ರಾಗಿ ಬೆಳೆಯುತ್ತಾರಂತೆ. ಆಕೆ ಚಿಟಿಕೆ ಬಾಯಿಗೆ ಹಾಕಿಕೊಂಡು ಚಿಕ್ಕವ್ವನ ಪಕ್ಕ ನೆಲದ ಮೇಲೆಯೇ ಕುಳಿತರು. ಆಮೇಲೆ ಏಳಲಿಲ್ಲ. ಇಬ್ಬರೂ ಹಳಿ ಇಳಿಯುವ ಕಡೆಗೆ ನೋಡುತ್ತ ಕುಳಿತಿದ್ದರು.

ಆ ಹೊತ್ತಿನಲ್ಲಿ ಮಾಸ್ತರರು ನನಗೆ ಘಟ್ಟದ ಕಥೆ ಹೇಳಿದರು. ಕಾಫಿ ಇಳಿಸಲು ಬ್ರಿಟಿಷರು ಹಾಕಿಸಿದ ಹಳಿ, ಬಂಡೆ ಒಡೆಯುವಾಗ ಜ್ವರದಿಂದ ಸತ್ತ ಕೂಲಿಗಳು, ಉಗಿಬಂಡಿಯ ಕಾಲದಲ್ಲಿ ಸುರಂಗದಲ್ಲಿ ಒದ್ದೆ ಬಟ್ಟೆಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ಡ್ರೈವರುಗಳು. ಸತ್ತವರ ಹೆಸರು ಎಲ್ಲೂ ಇಲ್ಲ ಎಂದರು. ಬೇರೆ ದಿನವಾಗಿದ್ದರೆ ನಾನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಇತಿಹಾಸದವಳು ಆ ದಿನ ಒಂದಕ್ಷರ ಬರೆಯಲಿಲ್ಲ.

ಕೊನೆಗೆ ಕೆಳಗಿನಿಂದ ಒಂದು ಗೂಡ್ಸ್ ಬಂತು. ಡ್ರೈವರು ಮಾಸ್ತರರಿಗೆ ಏನೋ ಕೂಗಿ ಹೇಳಿದ. ಮಾಸ್ತರರು ನಕ್ಕರು. “ಇಬ್ಬರು ನಡೆದು ಬರುತ್ತಿದ್ದಾರಂತೆ. ನಮ್ಮ ಹಳಿ ಕಾಯುವವ ಸೋಮಪಾಲ, ಜೊತೆಗೊಬ್ಬ ಬಿಳಿ ಬಟ್ಟೆಯವ. ಸುತ್ತಿಗೆ ಬಿಳಿ ಬಟ್ಟೆಯವನ ಹೆಗಲ ಮೇಲಿದೆಯಂತೆ.”

ಇನ್ನೂ ಮುಕ್ಕಾಲು ಗಂಟೆ. ತಿರುವಿನಲ್ಲಿ ಎರಡು ಆಕೃತಿ ಕಂಡವು. ಇಬ್ಬರೂ ಹಳಿಯಡಿಯ ದಿಮ್ಮಿಗಳ ಮೇಲೆ, ಸ್ಲೀಪರಿನಿಂದ ಸ್ಲೀಪರಿಗೆ ಒಂದೇ ಅಳತೆಯ ಹೆಜ್ಜೆ, ಒಂದೇ ಬಗೆಯಲ್ಲಿ ನೆಲ ನೋಡುವ ಕತ್ತು. ಚಿಕ್ಕಪ್ಪನ ಪಂಚೆ ಎಣ್ಣೆ ಮಸಿಯಿಂದ ಕಪ್ಪಾಗಿತ್ತು.

ಚಿಕ್ಕವ್ವ ಎದ್ದು ಹೋಗಿ ಅವರ ಎದುರು ನಿಂತರು. “ಬಂದ್ಯಾ? ಇನ್ನೂ ಒಂದೆರಡು ಸುರಂಗ ನೋಡ್ಕಂಡು ಬರ್ಬೋದಾಗಿತ್ತು.”

“ಉಳ್ದಿರೋದು ಮುಂದದಂತೆ” ಎಂದರು ಚಿಕ್ಕಪ್ಪ.

“ಸಿಪಾಯಿಗಳು ಇಡ್ಕಳ್ನಿಲ್ವಾ?”

“ಇಡ್ಕಂಡ. ಒಬ್ನು, ಇನ್ನೂ ಮೀಸೆ ಮೂಡಿಲ್ಲ. ಗನ್ನು ಎದೆಗೆ ಹಿಡ್ದು ಏನೋ ಕೇಳ್ದ. ತಮಿಳು ಬಾಯ್ಗೆ ಬಂದಿತ್ತು, ನುಂಗ್ಕಂಡೆ. ಬರೋದಿನ್ನೊಂದೇ ಪಾಠ, ಬುದ್ಧಂ ಶರಣಂ ಗಚ್ಛಾಮಿ ಅಂದೆ. ಅವ್ನು ಗನ್ನು ಕೆಳೀಕ್ ಮಡಗ್ಬುಟ್ಟು ಕೈ ಮುಗ್ದ. ಆಮೇಲೆ ಪರೀಕ್ಸೆ ಮಾಡ್ದೋನಂಗೆ ಪಂಚಶೀಲನೂ ಹೇಳ್ಸ್‌ದ. ಮೂರ್ನೇದಕ್ಕೆ ತಡವರ್ಸ್‌ದೆ, ಅವ್ನೇ ಹೇಳ್ಕೊಟ್ಟ.”

ಐದು ಶೀಲಗಳಲ್ಲಿ ಮೂರನೆಯದು ಪರಸ್ತ್ರೀಯರ ವಿಷಯದ್ದು. ಚಿಕ್ಕವ್ವ ಸೊಂಟದ ಮೇಲೆ ಕೈಯಿಟ್ಟರು. “ಮರ್ಯೋಕೆ ನಿಂಗೆ ಮೂರ್ನೇದೇ ಸಿಕ್ತಾ?” ಎಂದವರೇ ಅಳತೊಡಗಿದರು. ಮಾಸ್ತರರ ಹೆಂಡತಿ, ಒಂದು ಪದವೂ ತಿಳಿಯದೆ, ತಾವೂ ಅತ್ತರು.

ಆ ಹುಡುಗ ಸೈನಿಕ ನೀರು ಕೊಟ್ಟು, ಸೋಮಪಾಲ ಬರುವ ತನಕ ಕೂರಿಸಿಕೊಂಡಿದ್ದನಂತೆ. ಸೋಮಪಾಲನಿಗೂ ಚಿಕ್ಕಪ್ಪನಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಎರಡು ತಾಸು ಜೊತೆಗೆ ನಡೆದಿದ್ದರು. ಹೊರಡುವಾಗ ಚಿಕ್ಕಪ್ಪ ಸುತ್ತಿಗೆ ಹಿಂತಿರುಗಿಸಿದರು. ಸೋಮಪಾಲ ಅದನ್ನು ತೆಗೆದುಕೊಳ್ಳುವ ಮೊದಲು ಅವರ ಅಂಗೈಯನ್ನು ತಿರುಗಿಸಿ ನೋಡಿ, ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿದ.

ಕ್ಯಾಂಡಿ

ಮುಂದಿನ ಗಾಡಿಯಲ್ಲಿ ಮಾಸ್ತರರೇ ಕೂರಿಸಿ ಕಳಿಸಿದರು. ಸಂಜೆಯ ಪೂಜೆಯ ಡೋಲು ಶುರುವಾದ ಹೊತ್ತಿಗೆ ನಾವು ಮಂದಿರ ತಲುಪಿದೆವು. ಸಾಲಿನಲ್ಲಿದ್ದ ಅಪರಿಚಿತರೊಬ್ಬರು ಚಿಕ್ಕಪ್ಪನ ಪಂಚೆಯನ್ನೂ ಚಿಕ್ಕವ್ವನ ಮುಖವನ್ನೂ ನೋಡಿ ತಮ್ಮ ಜಾಗ ಬಿಟ್ಟುಕೊಟ್ಟರು. ಚಿಕ್ಕವ್ವ ನೈದಿಲೆ ಇಟ್ಟು ಕೈಮುಗಿದರು. ದಂತವಿರುವ ಕರಂಡಕ ಕಂಡಿತೇ ಎಂದು ಕೇಳಿದೆ. “ಕಣ್ತುಂಬ ನೀರಿತ್ತು, ಎಂಥದೋ ಹೊಳೀತು” ಎಂದರು. ಅವರಿಗೆ ಅಷ್ಟು ಸಾಕಾಗಿತ್ತು.

ನಾನು ಯಾರಿಗೆಲ್ಲ ಕೈಮುಗಿದೆ ಎಂದು ನನಗೇ ಲೆಕ್ಕ ಸಿಗಲಿಲ್ಲ. ಬೈಯುವುದನ್ನು ನಿಲ್ಲಿಸಿದ ಗಾರ್ಡಿಗೆ, ಶೀಲ ಹೇಳಿಕೊಟ್ಟ ಹುಡುಗನಿಗೆ, ನೆಲದ ಮೇಲೆ ಕುಳಿತ ಆ ತಾಯಿಗೆ. ಕೊನೆಗೆ ಬುದ್ಧನಿಗೂ ಮುಗಿದೆ ಎಂದುಕೊಂಡಿದ್ದೇನೆ.

ನಂಜನಗೂಡು

ಈಗ ನಮ್ಮ ಘಟ್ಟದಲ್ಲೂ ಬ್ರಾಡ್‌ಗೇಜ್ ಗಾಡಿ ಓಡುತ್ತಿದೆ. ನಂಜನಗೂಡಿನ ಹಳಿಯೂ ಅಗಲವಾಗಿದೆ. ಚಿಕ್ಕಪ್ಪ, ಚಿಕ್ಕವ್ವ ಮಗನ ಸಂಸಾರದ ಜೊತೆ ಸ್ಟೇಷನ್ನಿನ ಹತ್ತಿರವೇ ಇದ್ದಾರೆ. ಚಿಕ್ಕಪ್ಪ ಮೊಮ್ಮಕ್ಕಳಿಗೆ ಆ ದಿನದ ಕಥೆಯನ್ನು ಹೇಳುವುದನ್ನು ಹಲವು ಸಲ ಕೇಳಿದ್ದೇನೆ. ಸೈನಿಕ ಒಮ್ಮೊಮ್ಮೆ ಇಬ್ಬರಾಗುತ್ತಾನೆ, ಸುರಂಗಗಳು ಹೆಚ್ಚುತ್ತವೆ. ಕಲ್ಲಿಟ್ಟದ್ದಿರುತ್ತದೆ, ನಡೆದದ್ದಿರುತ್ತದೆ. ನಡುವಿನ ಆ ಗಳಿಗೆ ಮಾತ್ರ ಇರುವುದಿಲ್ಲ. ಗಾಡಿ ಹೊರಟಿತು, ನಾನು ಉಳಿದೆ ಎನ್ನುತ್ತಾರೆ, ಅಷ್ಟೆ.

ನನಗೆ ಬೇಕಾಗಿರುವುದು ಆ ಗಳಿಗೆಯೇ. ಚಿಕ್ಕವ್ವನ ಕೈ ಹಿಡಿದು ತಡೆದದ್ದು ನಾನು. ಚಿಕ್ಕಪ್ಪ ಹತ್ತಲಾಗದೆ ಉಳಿದಿದ್ದರೆ, ನಾನು ಒಬ್ಬ ಮುದುಕನನ್ನು ಬಿಟ್ಟು ಹೋದವಳು. ಗಾಲಿ ನೋಡುವ ಹಳೆಯ ಅಭ್ಯಾಸ ಎಳೆದು ನಿಲ್ಲಿಸಿದ್ದರೆ ಅದು ಬೇರೆ. ನಿಂತ ಹಳಿಯ ಮೇಲೆ ಇನ್ನೊಂದು ಸಲ ನಡೆಯಬೇಕೆಂದು ಅವರೇ ಬೇಕೆಂದು ಉಳಿದಿದ್ದರೆ ಅದಂತೂ ಬೇರೆಯೇ. ವಾಪಸ್ ವಿಮಾನದಲ್ಲಿ ಬರುವಾಗ ಒಮ್ಮೆ ಕೇಳಿದ್ದೆ, ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು. ಕಳೆದ ವಾರ ಹೋದಾಗ ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಚಿಕ್ಕವ್ವ ಒಳಗಿದ್ದರು. ಪಕ್ಕದಲ್ಲಿ ಕುಳಿತು ನಾನೂ ನಾಲ್ಕು ಕಾಯಿ ಸುಲಿದೆ.

“ಚಿಕ್ಕಪ್ಪ, ಆವತ್ತು ನಾನು ಕೈ ಚಾಚ್ದಾಗ ನೀನು ನೋಡ್ದೆ. ನಿಂಗೆ ಎಟುಕ್ಲಿಲ್ವಾ, ಇಲ್ಲಾ ನೀನೇ ಬ್ಯಾಡ ಅಂದ್ಕಂಡ್ಯಾ?”

“ಎಟುಕ್ತಿತ್ತು ಕಣವ್ವ” ಎಂದರು ಚಿಕ್ಕಪ್ಪ, ಇನ್ನೊಂದು ಕಾಯಿ ಎತ್ತಿಕೊಳ್ಳುತ್ತ.